ಹಸು, ಎಮ್ಮೆಗಳ ರೋಗನಿರೋಧಕ ವಂಶವಾಹಿ: ಓದುವುದು ಹೇಗೆ, ಹೋಲಿಸುವುದು ಹೇಗೆ?

"ಮಲೆನಾಡು ಗಿಡ್ಡಕ್ಕೆ ರೋಗ ಕಡಿಮೆ ಎನ್ನುತ್ತಾರಲ್ಲ, ಅದನ್ನು ಅದರ ಡಿಎನ್‌ಎಯಲ್ಲಿ ಕಂಡುಹಿಡಿಯುವುದು ಹೇಗೆ?" ಪಶುವೈದ್ಯ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು, ಜೈವಿಕ ತಂತ್ರಜ್ಞಾನ ಓದುತ್ತಿರುವವರು, ಕೆಲವೊಮ್ಮೆ ಹೈನುಗಾರರ ಮನೆಯ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆ ಇದು. ಇದರೊಳಗೆ ಎರಡು ಪ್ರಶ್ನೆಗಳಿವೆ. ಒಂದು, ರೋಗನಿರೋಧಕ ವಂಶವಾಹಿಯ ಅಕ್ಷರಗಳನ್ನು ಓದಿ ಬೇರೆ ತಳಿ, ಬೇರೆ ಪ್ರಭೇದಗಳೊಂದಿಗೆ ಹೋಲಿಸುವುದು. ಇನ್ನೊಂದು, ಆ ವ್ಯತ್ಯಾಸದಿಂದಲೇ ರೋಗ ಕಡಿಮೆಯಾಗಿದೆ ಎಂದು ಸಾಧಿಸುವುದು. ಮೊದಲನೆಯದನ್ನು ಒಂದು ಸಾಧಾರಣ ಪ್ರಯೋಗಾಲಯದಲ್ಲಿ ಒಬ್ಬ ವಿದ್ಯಾರ್ಥಿ ಮಾಡಬಹುದು. ಎರಡನೆಯದಕ್ಕೆ ನೂರಾರು ಪ್ರಾಣಿಗಳ ಆರೋಗ್ಯ ದಾಖಲೆ ಬೇಕು. ಇಲ್ಲಿ ವಿವರಿಸುತ್ತಿರುವುದು ಮೊದಲನೆಯದನ್ನು. ಎರಡನ್ನೂ ಬೆರೆಸಿ ಬರೆದ ಪ್ರಬಂಧಗಳು ಸಾಕಷ್ಟಿವೆ. ನೀವು ಆ ಸಾಲಿಗೆ ಸೇರಬೇಡಿ.

ಬೇಕಾದದ್ದು ಇಷ್ಟು: ಪಿಸಿಆರ್ ಯಂತ್ರವಿರುವ ಪ್ರಯೋಗಾಲಯ, ಅನುಕ್ರಮ ಓದಿಕೊಡುವ ಒಂದು ಸೇವಾ ಸಂಸ್ಥೆ, ಒಂದು ಕಂಪ್ಯೂಟರ್ ಮತ್ತು ಉಚಿತವಾಗಿ ಸಿಗುವ ಕೆಲವು ತಂತ್ರಾಂಶಗಳು. ಅನುಕ್ರಮ ಎಂದರೆ ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳು ಬರುವ ಸಾಲು. ಪಿಸಿಆರ್ ಎಂದರೆ ಬೇಕಾದ ತುಣುಕನ್ನು ಮಾತ್ರ ಕೋಟಿಗಟ್ಟಲೆ ಪ್ರತಿ ಮಾಡುವ ವಿಧಾನ.

1. ಯಾವ ವಂಶವಾಹಿ ಎಂದು ಮೊದಲು ನಿರ್ಧರಿಸಿ

ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರಿಗೆ ನನ್ನ ಸಲಹೆ ಟಿಎಲ್‌ಆರ್2. ಟೋಲ್ ಮಾದರಿಯ ಗ್ರಾಹಕಗಳು ಎಂಬ ಕುಟುಂಬಕ್ಕೆ ಸೇರಿದ ವಂಶವಾಹಿ ಇದು. ಈ ಗ್ರಾಹಕಗಳು ಬಿಳಿ ರಕ್ತಕಣಗಳಲ್ಲಿಯೂ ಕೆಚ್ಚಲಿನ ಒಳಪದರದ ಕೋಶಗಳಲ್ಲಿಯೂ ಇದ್ದು, ರೋಗಾಣುವಿನ ಮೈಮೇಲಿನ ಗುರುತುಗಳನ್ನು ಹಿಡಿದು ಎಚ್ಚರಿಕೆ ಕೊಡುವ ಪ್ರೋಟೀನುಗಳು. ಹಸುವಿನಲ್ಲಿ ಇಂಥವು ಹತ್ತು ಇವೆ. ಟಿಎಲ್‌ಆರ್2 ಗುರುತಿಸುವುದು ಬ್ಯಾಕ್ಟೀರಿಯಾಗಳ ಲಿಪೊಪ್ರೋಟೀನುಗಳನ್ನು. ಕೆಚ್ಚಲು ಬಾವಿಗೆ ಕಾರಣವಾಗುವ ಸ್ಟೆಫೈಲೊಕಾಕಸ್ ಆರಿಯಸ್ ಅದರ ಮುಖ್ಯ ಗುರಿಗಳಲ್ಲಿ ಒಂದು. ಟಿಎಲ್‌ಆರ್4 ಗುರುತಿಸುವುದು ಇ. ಕೋಲೈಯಂಥವುಗಳ ಹೊರಗೋಡೆಯ ಲಿಪೊಪಾಲಿಸ್ಯಾಕರೈಡನ್ನು.

ಟಿಎಲ್‌ಆರ್2 ಏಕೆಂದರೆ, ಹಸುವಿನ 17ನೇ ವರ್ಣತಂತುವಿನಲ್ಲಿರುವ ಈ ವಂಶವಾಹಿಯ ಪ್ರೋಟೀನ್ ಬರೆಯುವ ಭಾಗವೆಲ್ಲ ಒಂದೇ ಎಕ್ಸಾನಿನಲ್ಲಿದೆ. ಎಕ್ಸಾನ್ ಎಂದರೆ ವಂಶವಾಹಿಯಲ್ಲಿ ಅಂತಿಮ ಸಂದೇಶಕ್ಕೆ ಉಳಿದುಕೊಳ್ಳುವ ತುಂಡು. 784 ಅಮೈನೋ ಆಮ್ಲಗಳು, ಒಂದಕ್ಕೆ ಮೂರು ಅಕ್ಷರಗಳಂತೆ, ಪ್ರೋಟೀನ್ ಇಲ್ಲಿಗೆ ಮುಗಿಯಿತೆನ್ನುವ ನಿಲುಗಡೆ ಸಂಕೇತವೂ ಸೇರಿ 2355 ಅಕ್ಷರಗಳು, ಎಲ್ಲವೂ ಒಂದೇ ಸಾಲಾಗಿ ಸಿಗುತ್ತವೆ. ಆರ್‌ಎನ್‌ಎ ತೆಗೆಯುವ ತೊಂದರೆ ಇಲ್ಲ, ರಕ್ತದ ಡಿಎನ್‌ಎ ಸಾಕು. ಟಿಎಲ್‌ಆರ್4 ಮೂರು ಎಕ್ಸಾನುಗಳಲ್ಲಿ ಹಂಚಿಹೋಗಿದೆ; ಅದನ್ನು ಎರಡನೆಯ ಯೋಜನೆಗೆ ಇಟ್ಟುಕೊಳ್ಳಿ.

2. ಪ್ರಾಣಿಗಳನ್ನು ಆರಿಸಿ, ಅನುಮತಿ ಪಡೆಯಿರಿ

ಒಂದು ತಳಿಯಿಂದ ಪರಸ್ಪರ ಸಂಬಂಧವಿಲ್ಲದ 15 ಪ್ರಾಣಿಗಳಿದ್ದರೆ ಒಳ್ಳೆಯ ಆರಂಭ. ಪ್ರತಿ ಪ್ರಾಣಿಯಲ್ಲಿ ವಂಶವಾಹಿಯ ಎರಡು ಪ್ರತಿಗಳಿರುವುದರಿಂದ ನಿಮ್ಮ ಕೈಯಲ್ಲಿ 30 ಪ್ರತಿಗಳಾಗುತ್ತವೆ. ತಳಿಯಲ್ಲಿ ನೂರಕ್ಕೆ ಹತ್ತರಷ್ಟಿರುವ ಒಂದು ರೂಪ ಈ 30ರಲ್ಲಿ ಒಮ್ಮೆಯೂ ಕಾಣದೆ ಹೋಗುವ ಸಾಧ್ಯತೆ ಶೇ 4ರಷ್ಟು ಮಾತ್ರ. ಐದೇ ಪ್ರಾಣಿಗಳಾದರೆ ಅದು ಶೇ 35ಕ್ಕೆ ಏರುತ್ತದೆ.

"ಸಂಬಂಧವಿಲ್ಲದ" ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಹಟ್ಟಿಯ ತಾಯಿ, ಮಗಳು, ಮೊಮ್ಮಗಳ ರಕ್ತ ತಂದು ಮೂರು ಮಾದರಿ ಎಂದು ಎಣಿಸಿದರೆ ಲೆಕ್ಕ ಕೆಡುತ್ತದೆ. ಊರುಗಳನ್ನು ಬದಲಿಸಿ. ಹೋರಿ ಯಾವುದು, ಕೃತಕ ಗರ್ಭಧಾರಣೆ ಮಾಡಿಸಿದ್ದರೇ ಎಂದು ಮನೆಯವರನ್ನು ಕೇಳಿ ಬರೆದುಕೊಳ್ಳಿ. ಹಳ್ಳಿಕಾರ್ ಇರಲಿ, ಮಲೆನಾಡು ಗಿಡ್ಡ ಇರಲಿ, ಧಾರವಾಡಿ ಎಮ್ಮೆ ಇರಲಿ, ಮೇಲ್ನೋಟಕ್ಕೆ ಶುದ್ಧವೆನಿಸುವ ಪ್ರಾಣಿಯ ಹಿಂದಿನ ತಲೆಮಾರಿನಲ್ಲಿ ಜರ್ಸಿಯೋ ಮುರ್ರಾವೋ ಬಂದು ಹೋಗಿರಬಹುದು. ನೋಂದಾಯಿತ ತಳಿಗಳ ಲಕ್ಷಣಪಟ್ಟಿ ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆಯಲ್ಲಿ ಸಿಗುತ್ತದೆ. ಅದರೊಂದಿಗೆ ಹೋಲಿಸಿ, ಪ್ರತಿ ಪ್ರಾಣಿಯ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದಿಡಿ.

ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ, ಮಾಲೀಕರ ಒಪ್ಪಿಗೆ ಎರಡೂ ರಕ್ತ ತೆಗೆಯುವ ಮೊದಲೇ ಕೈಯಲ್ಲಿರಬೇಕು. ಮಾದರಿಯನ್ನು ವಿದೇಶಕ್ಕೆ ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯ ವಿಷಯವನ್ನು ಮೊದಲೇ ವಿಚಾರಿಸಿ.

3. ರಕ್ತ ತೆಗೆಸುವಾಗ

ಕುತ್ತಿಗೆಯ ರಕ್ತನಾಳದಿಂದ ಐದು ಮಿಲಿಲೀಟರ್ ಸಾಕು, ಪಶುವೈದ್ಯರೇ ತೆಗೆಯಲಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ, ನೇರಳೆ ಮುಚ್ಚಳದ ನಳಿಕೆಯನ್ನೇ ಬಳಸಿ. ಹಸಿರು ಮುಚ್ಚಳದ ನಳಿಕೆಯಲ್ಲಿರುವ ಹೆಪಾರಿನ್ ಪಿಸಿಆರ್‌ಗೆ ಅಡ್ಡಿಮಾಡುತ್ತದೆ. ನಳಿಕೆಯನ್ನು ಕುಲುಕದೆ ನಾಲ್ಕಾರು ಬಾರಿ ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತನ್ನಿ. ಸಸ್ತನಿಗಳ ಬಲಿತ ಕೆಂಪು ಕಣಗಳಲ್ಲಿ ಕೋಶಕೇಂದ್ರವಿಲ್ಲ, ನಿಮಗೆ ಸಿಗುವ ಡಿಎನ್‌ಎ ಎಲ್ಲ ಬಿಳಿ ಕಣಗಳದ್ದು. ಫ್ರೀಜರಿನಲ್ಲಿಟ್ಟು ಗಟ್ಟಿಯಾಗಿಸಿ ಮತ್ತೆ ಕರಗಿಸುವುದನ್ನು ಪದೇ ಪದೇ ಮಾಡಿದರೆ ಅದು ಚೂರಾಗುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ಪಾಠಪಟ್ಟಿಗಳಲ್ಲಿ ಹೇಳುವವರು ಕಡಿಮೆ. "ಇದು ಅವಳಿ ಕರುವಾಗಿ ಹುಟ್ಟಿದ್ದೇ?" ಎಂದು ಮಾಲೀಕರನ್ನು ಕೇಳಲೇಬೇಕು. ಹಸುವಿನ ಗರ್ಭದಲ್ಲಿ ಅವಳಿ ಕರುಗಳಿದ್ದರೆ ಸಾಮಾನ್ಯವಾಗಿ ಅವೆರಡರ ರಕ್ತನಾಳಗಳು ಕೂಡಿಕೊಂಡು, ರಕ್ತ ಹುಟ್ಟಿಸುವ ಕೋಶಗಳು ಅತ್ತಿಂದಿತ್ತ ಹೋಗಿ ನೆಲೆಸುತ್ತವೆ. ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರು ಬಹುಪಾಲು ಬಂಜೆಯಾಗುವುದೂ ಈ ಕಾರಣದಿಂದಲೇ. ಅಂಥ ಪ್ರಾಣಿ ಬೆಳೆದು ದೊಡ್ಡದಾದ ಮೇಲೂ ಅದರ ರಕ್ತದಲ್ಲಿ ಜೊತೆಗಾರನ ಡಿಎನ್‌ಎ ಇರುತ್ತದೆ. ನೀವು ಓದಿದಾಗ ಒಂದೇ ಪ್ರಾಣಿಯಲ್ಲಿ ವಂಶವಾಹಿಯ ಮೂರು, ನಾಲ್ಕು ರೂಪಗಳು ಕಾಣಬಹುದು, ಏನೋ ಹೊಸದು ಸಿಕ್ಕಿತೆಂದು ಭ್ರಮೆಯಾಗಬಹುದು. ಅವಳಿಯಾದರೆ ಬೇರುಸಹಿತ ಕಿತ್ತ ಬಾಲದ ಕೂದಲಿನಿಂದ ಡಿಎನ್‌ಎ ತೆಗೆಯಿರಿ, ಅಥವಾ ಆ ಪ್ರಾಣಿಯನ್ನು ಬಿಟ್ಟುಬಿಡಿ. ಕುರಿ, ಮೇಕೆಗಳಲ್ಲಿ ಅವಳಿ ಸಾಮಾನ್ಯವಾದರೂ ಇಂಥ ರಕ್ತದ ಬೆರಕೆ ಅಪರೂಪ.

4. ಡಿಎನ್‌ಎ, ಪ್ರೈಮರ್, ಪಿಸಿಆರ್

ಡಿಎನ್‌ಎ ತೆಗೆಯಲು ಫೀನಾಲ್–ಕ್ಲೋರೋಫಾರಂ ವಿಧಾನವಾದರೂ ಸರಿ, ಸಿದ್ಧ ಕಿಟ್ ಆದರೂ ಸರಿ. 260 ಮತ್ತು 280 ನ್ಯಾನೋಮೀಟರುಗಳಲ್ಲಿ ಅಳೆದ ಬೆಳಕಿನ ಹೀರಿಕೆಯ ಅನುಪಾತ 1.8ರ ಆಸುಪಾಸಿನಲ್ಲಿರಲಿ. ಅದು ತೀರ ಕೆಳಗಿದ್ದರೆ ಪ್ರೋಟೀನೋ ಫೀನಾಲೋ ಉಳಿದಿದೆ ಎಂದು ಅರ್ಥ.

ಪ್ರೈಮರ್ ಎಂದರೆ ನಿಮ್ಮ ತುಣುಕಿನ ಎರಡು ತುದಿಗಳಿಗೆ ಅಂಟಿ ಪ್ರತಿ ಮಾಡುವುದು ಎಲ್ಲಿಂದ ಶುರುವಾಗಬೇಕೆಂದು ಸೂಚಿಸುವ, ಸುಮಾರು 20 ಅಕ್ಷರಗಳ ಚಿಕ್ಕ ಡಿಎನ್‌ಎ. ಅನುಕ್ರಮ ಓದುವ ಸ್ಯಾಂಗರ್ ವಿಧಾನದಲ್ಲಿ ಒಂದು ಸಲಕ್ಕೆ ನಂಬಿಕೆಯಿಂದ ಓದಲಾಗುವುದು 700ರಿಂದ 800 ಅಕ್ಷರ. ಆದ್ದರಿಂದ 2355 ಅಕ್ಷರಗಳನ್ನು 750ರಷ್ಟು ಉದ್ದದ ನಾಲ್ಕು ತುಣುಕುಗಳಾಗಿ, ಅಕ್ಕಪಕ್ಕದವು 150 ಅಕ್ಷರದಷ್ಟು ಒಂದರ ಮೇಲೊಂದು ಬರುವಂತೆ ಯೋಜಿಸಿ. ಎರಡೂ ಕೊನೆಗಳಲ್ಲಿ ಸ್ವಲ್ಪ ಜಾಗ ಉಳಿಯುತ್ತದೆ.

ಪ್ರೈಮರ್ ಕೂರುವ ಜಾಗದಲ್ಲೇ ತಳಿಗಳ ನಡುವೆ ವ್ಯತ್ಯಾಸವಿದ್ದರೆ ಒಂದು ಪ್ರತಿಗೆ ಮಾತ್ರ ಅದು ಅಂಟುತ್ತದೆ, ಇನ್ನೊಂದು ಪ್ರತಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಎರಡು ಬೇರೆ ರೂಪಗಳಿರುವ ಪ್ರಾಣಿ ಒಂದೇ ರೂಪದ್ದೆಂದು ಕಾಣುತ್ತದೆ. ಹಾಗಾಗದಿರಲು ಹಸು, ಎಮ್ಮೆ, ಮೇಕೆ, ಕುರಿಗಳ ಅನುಕ್ರಮಗಳನ್ನು ಪಕ್ಕಪಕ್ಕ ಇಟ್ಟು, ನಾಲ್ಕರಲ್ಲೂ ಒಂದೇ ಆಗಿರುವ ಜಾಗದಲ್ಲಿ ಪ್ರೈಮರ್ ಬರೆಯಿರಿ. ಅದರ ಕೊನೆಯ ನಾಲ್ಕೈದು ಅಕ್ಷರಗಳಂತೂ ತಪ್ಪದೆ ಹೊಂದಬೇಕು. ಪಿಸಿಆರ್ ಹಾಕುವಾಗ ಡಿಎನ್‌ಎ ಬದಲು ಬರೀ ನೀರಿರುವ ಒಂದು ನಳಿಕೆ ಪ್ರತಿ ಸಲವೂ ಇರಲಿ. ಜೆಲ್ ಮೇಲೆ ಓಡಿಸಿ ನೋಡಿದಾಗ ಅದರಲ್ಲೂ ಡಿಎನ್‌ಎ ಪಟ್ಟಿ ಮೂಡಿದರೆ ಆ ದಿನದ ಕೆಲಸವನ್ನೆಲ್ಲ ಎಸೆದು ಹೊಸದಾಗಿ ಮಾಡಿ, ಬೇರೆ ದಾರಿಯಿಲ್ಲ.

5. ಅನುಕ್ರಮ ಬಂದ ಮೇಲೆ ಕಣ್ಣಿನಿಂದ ಓದಿ

ಎರಡೂ ದಿಕ್ಕಿನಿಂದ ಓದಿಸಿ. ಖರ್ಚು ಇಮ್ಮಡಿಯಾಗುತ್ತದೆ, ಆದರೂ ಓದಿಸಿ. ಸೇವಾ ಸಂಸ್ಥೆ ಬರೀ ಅಕ್ಷರಗಳ ಕಡತ ಕಳಿಸಿದರೆ ಒಪ್ಪಿಕೊಳ್ಳದೆ ಎಬಿ1 ಎಂಬ ಮೂಲ ಕಡತವನ್ನೇ ಕೇಳಿ ಪಡೆಯಿರಿ. ಅದರಲ್ಲಿ ಕ್ರೊಮ್ಯಾಟೋಗ್ರಾಂ, ಅಂದರೆ ನಾಲ್ಕು ಬಣ್ಣದ ಶಿಖರಗಳ ನಕ್ಷೆ ಇರುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಗುಣಮಟ್ಟದ ಅಂಕ ಇರುತ್ತದೆ: 20 ಎಂದರೆ ನೂರಕ್ಕೆ ಒಂದು ತಪ್ಪಿನ ಸಾಧ್ಯತೆ, 30 ಎಂದರೆ ಸಾವಿರಕ್ಕೆ ಒಂದು. ಆರಂಭದ 30–50 ಅಕ್ಷರಗಳು, ಕೊನೆಯ ಭಾಗ ಸಾಮಾನ್ಯವಾಗಿ ಕಲಸಿಹೋಗಿರುತ್ತವೆ; ಕತ್ತರಿಸಿ. ಪ್ರೈಮರಿನ ಅಕ್ಷರಗಳನ್ನೂ ಕತ್ತರಿಸಿ. ಅವು ನೀವು ಆರ್ಡರ್ ಮಾಡಿ ತರಿಸಿದ ಅಕ್ಷರಗಳು, ಪ್ರಾಣಿಯದ್ದಲ್ಲ.

ಈಗ ನಿಧಾನವಾಗಿ ಉಳಿದ ಭಾಗವನ್ನು ನೋಡುತ್ತ ಹೋಗಿ. ಒಂದು ಜಾಗದಲ್ಲಿ ನೀಲಿ ಶಿಖರದ ಅಡಿಯಲ್ಲೇ ಕೆಂಪು ಶಿಖರ, ಎರಡೂ ಅಕ್ಕಪಕ್ಕದ ಶಿಖರಗಳ ಅರ್ಧದಷ್ಟು ಎತ್ತರ. ತಾಯಿಯಿಂದ ಬಂದ ಪ್ರತಿಯಲ್ಲಿ ಸಿ, ತಂದೆಯಿಂದ ಬಂದದ್ದರಲ್ಲಿ ಟಿ ಇದ್ದರೆ, ಅಥವಾ ಅದರ ತಿರುಗುಮುರುಗಾದರೆ, ಹೀಗೆ ಕಾಣುತ್ತದೆ. ತಂತ್ರಾಂಶ ಸ್ವಲ್ಪ ಎತ್ತರದ ಶಿಖರವನ್ನಷ್ಟೇ ಬರೆದು ಮುಂದೆ ಹೋಗಿರುತ್ತದೆ. ಹಿಂದಿನ ದಿಕ್ಕಿನ ಓದಿನಲ್ಲೂ ಅದೇ ಜಾಗದಲ್ಲಿ ಜೋಡಿ ಶಿಖರವಿದ್ದರೆ ಅದನ್ನು ವೈ ಎಂದು ಗುರುತಿಸಿ. ಸಿ ಅಥವಾ ಟಿ ಎಂಬುದಕ್ಕೆ ಅಂತರರಾಷ್ಟ್ರೀಯ ಸಂಕೇತ ಅದು. ಎ, ಜಿ ಜೋಡಿಗೆ ಆರ್. ಒಂದು ದಿಕ್ಕಿನಲ್ಲಿ ಮಾತ್ರ ಕಂಡರೆ ಅದು ಗದ್ದಲ, ಅಂದರೆ ಯಂತ್ರದ ಸುಳ್ಳು ಸಂಕೇತ, ಇರಬಹುದು. ಮತ್ತೊಮ್ಮೆ ಪಿಸಿಆರ್ ಮಾಡಿ ಓದಿಸಿ.

ಇಂಥ ಎರಡು ಜಾಗಗಳಿದ್ದರೆ ಮುಂದಿನ ತೊಡಕು: ಮೊದಲ ಜಾಗದ ಸಿ ಎರಡನೆಯ ಜಾಗದ ಎ ಜೊತೆ ಒಂದೇ ಎಳೆಯಲ್ಲಿದೆಯೋ, ಜಿ ಜೊತೆಯೋ? ಇಬ್ಬರು ಒಂದೇ ಪುಟವನ್ನು ಒಟ್ಟಿಗೆ ಗಟ್ಟಿಯಾಗಿ ಓದಿದಂತೆ, ಯಾರು ಯಾವ ಪದ ಹೇಳಿದರು ಎಂಬುದು ನೇರ ಓದಿನಲ್ಲಿ ತಿಳಿಯುವುದಿಲ್ಲ. ಒಂದೇ ಎಳೆಯ ಮೇಲೆ ಒಟ್ಟಿಗೆ ಸಾಗುವ ಅಕ್ಷರಗಳ ಗುಂಪಿಗೆ ಹ್ಯಾಪ್ಲೊಟೈಪ್ ಎನ್ನುತ್ತಾರೆ. ಅದನ್ನು ಅಂಕಿಅಂಶಗಳಿಂದ ಊಹಿಸುವ ಸೌಲಭ್ಯ ಡಿಎನ್‌ಎಎಸ್‌ಪಿ ಎಂಬ ಉಚಿತ ತಂತ್ರಾಂಶದಲ್ಲಿದೆ. ಖಚಿತವಾಗಿ ಬೇಕೆಂದರೆ ತುಣುಕನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಒಂದೊಂದೇ ಪ್ರತಿಯನ್ನು ಬೇರ್ಪಡಿಸಿ ಓದಬೇಕು. ಆಗ ಪಿಸಿಆರ್ ಕಿಣ್ವ ಮಾಡಿದ ಒಂದೊಂದು ತಪ್ಪೂ ನಿಮ್ಮ ಕಣ್ಣಿಗೆ "ಹೊಸ ರೂಪಾಂತರ" ಆಗಿ ಕಾಣುತ್ತದೆ. ಕಡಿಮೆ ತಪ್ಪು ಮಾಡುವ ಕಿಣ್ವ ಬಳಸಿ. ಎರಡು ಬೇರೆ ಪಿಸಿಆರ್‌ಗಳಲ್ಲಿ ಕಾಣದ ಹೊಸ ರೂಪವನ್ನು ನಂಬಬೇಡಿ.

ಕೊನೆಗೆ ನಾಲ್ಕೂ ತುಣುಕುಗಳನ್ನು ಜೋಡಿಸಿ ಅಮೈನೋ ಆಮ್ಲಗಳಿಗೆ ಅನುವಾದಿಸಿ. ನಡುವೆ ಎಲ್ಲಾದರೂ ನಿಲುಗಡೆ ಸಂಕೇತ ಬಂದರೆ ಹತ್ತರಲ್ಲಿ ಒಂಬತ್ತು ಪಾಲು ನೀವು ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಓದಿದ್ದೀರಿ. ನಕ್ಷೆಗೆ ಮರಳಿ ನೋಡಿ.

6. ಹೋಲಿಕೆಗೆ ಬಂಧುಗಳನ್ನು ಕಲೆಹಾಕಿ

ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಲ್ಲಿ, ನಿಮ್ಮದನ್ನು ಹೋಲುವ ಅನುಕ್ರಮಗಳನ್ನು ಹುಡುಕಿಕೊಡುವ ಬ್ಲಾಸ್ಟ್ ಹುಡುಕಾಟ ಮಾಡಿ. ಹಸುವಿನ ಪ್ರಮಾಣ ಜೀನೋಮ್, ಅಂದರೆ ಎಲ್ಲರೂ ಹೋಲಿಕೆಗೆ ಬಳಸುವ ಇಡೀ ಡಿಎನ್‌ಎಯ ಅನುಕ್ರಮ, ಅಮೆರಿಕದ ಮೊಂಟಾನಾದ ಡಾಮಿನೆಟ್ ಎಂಬ ಹೆರ್‌ಫರ್ಡ್ ಹಸುವಿನದು. ಮೊದಲ ಆವೃತ್ತಿಯ ವರದಿ ಪ್ರಕಟವಾದದ್ದು 2009ರಲ್ಲಿ. ಎಮ್ಮೆಯದ್ದು 2019ರಲ್ಲಿ ಪ್ರಕಟವಾದ, ಇಟಲಿಯ ಮೆಡಿಟರೇನಿಯನ್ ತಳಿಯ ಒಲಿಂಪಿಯಾ ಎಂಬ ಎಮ್ಮೆಯ ಜೀನೋಮ್. ನಮ್ಮ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಮುರ್ರಾ ಎಮ್ಮೆಯ ಜೀನೋಮ್ ಕೂಡ ಲಭ್ಯವಿದೆ. ಹೆರ್‌ಫರ್ಡ್ ಹಿಣಿಲಿಲ್ಲದ ಪಾಶ್ಚಾತ್ಯ ಗೋವು. ಅದರಿಂದ ನಿಮ್ಮ ಹಳ್ಳಿಕಾರ್ ಭಿನ್ನವಾಗಿ ಕಂಡರೆ ಆಶ್ಚರ್ಯವಿಲ್ಲ. ಅದನ್ನು ಹಳ್ಳಿಕಾರಿನ ವೈಶಿಷ್ಟ್ಯ ಎನ್ನುವ ಮೊದಲು ಹಿಣಿಲಿರುವ ಇತರ ಗೋತಳಿಗಳಲ್ಲಿ, ಉದಾಹರಣೆಗೆ ಒಂಗೋಲಿನಿಂದ ಬಂದ ಬ್ರೆಜಿಲ್‌ನ ನೆಲ್ಲೋರ್‌ನಲ್ಲಿ, ಅದೇ ಅಕ್ಷರವಿದೆಯೇ ನೋಡಿ.

ಭಂಡಾರದಲ್ಲಿ ಎನ್‌ಎಂ ಎಂದು ಶುರುವಾಗುವ ಸಂಖ್ಯೆಗಳು ಪರಿಶೀಲನೆಯ ಆಧಾರವಿರುವವು. ಎಕ್ಸ್‌ಎಂ ಎಂಬವು ಕಂಪ್ಯೂಟರ್ ಊಹಿಸಿದವು. ಎರಡನೆಯದನ್ನು ಬಳಸಬಾರದೆಂದಿಲ್ಲ, ಆದರೆ ಆರಂಭ, ಕೊನೆಗಳನ್ನು ನೋಡಿಯೇ ಬಳಸಿ. ಅದಕ್ಕಿಂತ ದೊಡ್ಡ ಹೊಂಡ ಇನ್ನೊಂದಿದೆ. ಹೋಲಿಸಬೇಕಾದದ್ದು ಒಂದೇ ಮೂಲದಿಂದ ಪ್ರಭೇದಗಳು ಕವಲೊಡೆದಾಗ ಹಂಚಿಹೋದ ವಂಶವಾಹಿಗಳನ್ನು. ಒಂದೇ ಪ್ರಾಣಿಯೊಳಗೆ ನಕಲಾಗಿ ಬೇರೆಯಾದ ಸೋದರ ವಂಶವಾಹಿಗಳನ್ನಲ್ಲ. ಹಸುವಿನ ಟಿಎಲ್‌ಆರ್1ನ್ನು ಮೇಕೆಯ ಟಿಎಲ್‌ಆರ್6ರ ಜೊತೆ ಇಟ್ಟರೆ ಬರುವ ಮರ, ಅಂದರೆ ಬಂಧುತ್ವ ತೋರಿಸುವ ವಂಶವೃಕ್ಷ, ಅಂದವಾಗಿಯೇ ಇರುತ್ತದೆ, ಅದು ಹೇಳುವುದೆಲ್ಲ ತಪ್ಪಾಗಿರುತ್ತದೆ.

ಹಸು, ಯಾಕ್, ಎಮ್ಮೆ, ಕುರಿ, ಮೇಕೆ, ಜಿಂಕೆ ಇಷ್ಟು ಸಿಕ್ಕರೆ ಒಳ್ಳೆಯದು. ಹೊರಗುಂಪಾಗಿ, ಅಂದರೆ ಮರದ ಬೇರು ಎಲ್ಲಿದೆ ಎಂದು ತೋರಿಸುವ ದೂರದ ಬಂಧುವಾಗಿ, ಹಂದಿ ಅಥವಾ ಒಂಟೆ ಇರಲಿ.

7. ಸಾಲುಹೊಂದಿಸಿ ಮರ ಕಟ್ಟಿ

ಮೆಗಾ ತಂತ್ರಾಂಶದೊಳಗೆ ಮಸಲ್ ಎಂಬ ಸೌಲಭ್ಯ ಬಳಸಿ, ಹೊಂದುವ ಅಕ್ಷರಗಳು ಒಂದರ ಕೆಳಗೊಂದು ಬರುವಂತೆ ಅನುಕ್ರಮಗಳನ್ನು ಸಾಲುಹೊಂದಿಸಿ. ಕೋಡಾನ್ ಎಂಬ ಆಯ್ಕೆಯನ್ನೇ ಒತ್ತಿ. ಕೋಡಾನ್ ಎಂದರೆ ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ ಗುಂಪು. ಹಾಗೆ ಮಾಡಿದರೆ ಖಾಲಿ ಜಾಗಗಳು ಮೂರರ ಗುಣಕದಲ್ಲೇ ಬೀಳುತ್ತವೆ, ಮುಂದಿನ ಹಂತದ ಲೆಕ್ಕ ಕೆಡುವುದಿಲ್ಲ. ನಂತರ ಅಕ್ಷರಗಳು ಬದಲಾಗುವ ಬಗೆಯನ್ನು ವಿವರಿಸುವ ಸೂಕ್ತ ಲೆಕ್ಕದ ಮಾದರಿಯನ್ನು ತಂತ್ರಾಂಶವೇ ಆರಿಸಲು ಬಿಟ್ಟು, ಗರಿಷ್ಠ ಸಂಭಾವ್ಯತೆಯ ವಿಧಾನದಿಂದ ಮರ ಕಟ್ಟಿ, 1000 ಬೂಟ್‌ಸ್ಟ್ರಾಪ್ ಹಾಕಿ. ದತ್ತಾಂಶವನ್ನೇ ಮತ್ತೆ ಮತ್ತೆ ಕಲಸಿ ಆರಿಸಿದಾಗ ಒಂದು ಕವಲು ಎಷ್ಟು ಸಲ ಮರಳಿ ಬರುತ್ತದೆ ಎಂಬ ಪರೀಕ್ಷೆ ಅದು. ಶೇ 70ಕ್ಕಿಂತ ಕೆಳಗಿನ ಕವಲಿನ ಮೇಲೆ ಯಾವ ವಾದವನ್ನೂ ಕಟ್ಟಬೇಡಿ. ಮರದಲ್ಲಿ ಮೇಲೆ ಕೆಳಗೆ ಅಕ್ಕಪಕ್ಕ ಇರುವುದಕ್ಕೆ ಅರ್ಥವಿಲ್ಲ. ಯಾರು ಯಾರ ಜೊತೆ ಒಂದೇ ಗಂಟಿನಿಂದ ಹೊರಟಿದ್ದಾರೆ ಎಂಬುದನ್ನು ಮಾತ್ರ ಓದಿ.

ಟಿಎಲ್‌ಆರ್2ರಲ್ಲಿ ಹಸು, ಯಾಕ್ ಒಂದೆಡೆ, ಅವುಗಳ ಪಕ್ಕಕ್ಕೆ ಎಮ್ಮೆ, ಕುರಿ ಮೇಕೆ ಬೇರೆ ಕವಲಿನಲ್ಲಿ ಬಂದರೆ ಪ್ರಭೇದಗಳ ಇತಿಹಾಸಕ್ಕೆ ಹೊಂದುತ್ತದೆ. ಎಮ್ಮೆ ಹೋಗಿ ಮೇಕೆಯ ಜೊತೆ ಕೂತಿದ್ದರೆ ಮೊದಲು ಮಾದರಿ ಅದಲುಬದಲಾಗಿದೆಯೇ ನೋಡಿ. ಆದರೆ ಬೋಲಾ–ಡಿಆರ್‌ಬಿ3 ಎಂಬ ವಂಶವಾಹಿಯಲ್ಲಿ ಇದೇ ನಿಯಮ ನಡೆಯುವುದಿಲ್ಲ. ರೋಗಾಣುವಿನ ತುಣುಕನ್ನು ಹಿಡಿದು ಬಿಳಿ ಕಣಗಳಿಗೆ ತೋರಿಸುವ ಪ್ರೋಟೀನಿನದು ಅದು. ಹಸುವಿನ 23ನೇ ವರ್ಣತಂತುವಿನಲ್ಲಿದೆ, ನೂರಾರು ರೂಪಗಳಿವೆ. ಹೆಚ್ಚು ಬಗೆಯ ರೂಪಗಳಿದ್ದಷ್ಟೂ ಹಿಂಡಿಗೆ ಅನುಕೂಲವಾದ್ದರಿಂದ ಹಳೆಯ ರೂಪಗಳು ಅಳಿಯದೆ ಪ್ರಭೇದಗಳು ಬೇರಾದ ಮೇಲೂ ಮುಂದುವರಿದಿವೆ. ಹೀಗಾಗಿ ಒಂದು ಹಸುವಿನ ರೂಪ ಇನ್ನೊಂದು ಹಸುವಿನದ್ದಕ್ಕಿಂತ ಎಮ್ಮೆಯ ರೂಪಕ್ಕೆ ಹತ್ತಿರವಿರಬಹುದು. ಅದನ್ನು ತಪ್ಪೆಂದು ತಿಳಿದು ದತ್ತಾಂಶ ಅಳಿಸಿದರೆ ನಿಮಗೆ ಸಿಕ್ಕ ಅತ್ಯಂತ ಸ್ವಾರಸ್ಯದ ಸಂಗತಿಯನ್ನೇ ಅಳಿಸಿದಂತೆ.

8. ನಿಸರ್ಗದ ಆಯ್ಕೆಯ ಒತ್ತಡವನ್ನು ಅಳೆಯಿರಿ

ಕೋಡಾನಿನ ಕೆಲವು ಬದಲಾವಣೆಗಳಿಂದ ಅಮೈನೋ ಆಮ್ಲ ಬದಲಾಗುವುದಿಲ್ಲ, ಕೆಲವುಗಳಿಂದ ಬದಲಾಗುತ್ತದೆ. ಬದಲಾಯಿಸುವ ಬಗೆಯ ದರವನ್ನು ಬದಲಾಯಿಸದ ಬಗೆಯ ದರದಿಂದ ಭಾಗಿಸಿದರೆ ಬರುವ ಅನುಪಾತವೇ ಒಮೆಗಾ. ಒಂದಕ್ಕಿಂತ ಕಡಿಮೆ ಇದ್ದರೆ ನಿಸರ್ಗ ಬದಲಾವಣೆಗಳನ್ನು ತೆಗೆದುಹಾಕಿದೆ. ಹೆಚ್ಚಿದ್ದರೆ ಬದಲಾದವುಗಳಿಗೇ ಅನುಕೂಲವಾಗಿದೆ.

ಇಡೀ ವಂಶವಾಹಿಗೆ ಒಂದೇ ಸರಾಸರಿ ತೆಗೆದರೆ ಬಹುತೇಕ ಒಂದಕ್ಕಿಂತ ಕೆಳಗೇ ಬರುತ್ತದೆ, ಅಲ್ಲಿಗೆ ನಿಲ್ಲಿಸಬೇಡಿ. ಟಿಎಲ್‌ಆರ್2ರ ಕೋಶದ ಹೊರಗಿನ ಭಾಗ ಲ್ಯೂಸಿನ್ ಹೆಚ್ಚಿರುವ ಮಡಿಕೆಗಳಿಂದ ಆಗಿದ್ದು, ರೋಗಾಣುವನ್ನು ಮುಟ್ಟುವುದು ಅದೇ. ಒಳಗಿನ ಟಿಐಆರ್ ಎಂಬ ಭಾಗ ಸುದ್ದಿಯನ್ನು ಕೋಶದೊಳಕ್ಕೆ ದಾಟಿಸುತ್ತದೆ. ಅದು ಕದಲಿದರೆ ವ್ಯವಸ್ಥೆಯೇ ಕೆಡುವುದರಿಂದ ಬಿಗಿಯಾಗಿ ಉಳಿದಿದೆ. ರೋಗಾಣುಗಳ ಜೊತೆಗಿನ ಪೈಪೋಟಿಯ ಗುರುತು ಸಿಗುವುದಿದ್ದರೆ ಮುಖ್ಯವಾಗಿ ಹೊರಭಾಗದ ಕೆಲವೇ ಕೋಡಾನುಗಳಲ್ಲಿ. ಅದನ್ನು ಹುಡುಕಲು ಪಾಮ್ಲ್ ತಂತ್ರಾಂಶದ ಎರಡು ಮಾದರಿಗಳನ್ನು ಹೋಲಿಸಿ: ಒಮೆಗಾ ಎಲ್ಲೂ ಒಂದನ್ನು ದಾಟದೆಂದು ಎಣಿಸುವ ಎಂ7, ಕೆಲವು ಕೋಡಾನುಗಳಲ್ಲಿ ದಾಟಬಹುದೆಂದು ಎಣಿಸುವ ಎಂ8. ಎರಡರ ಲಾಗ್ ಸಂಭಾವ್ಯತೆಗಳ ವ್ಯತ್ಯಾಸದ ಇಮ್ಮಡಿ 5.99 ದಾಟಿದರೆ ಶೇ 5ರ ಮಟ್ಟದಲ್ಲಿ ಅದಕ್ಕೆ ಬೆಲೆ ಇದೆ. ಆಜ್ಞೆ ಬರೆಯಲು ಹಿಂಜರಿಯುವವರು ಡೇಟಾಮಂಕಿ ಎಂಬ ಜಾಲತಾಣದಲ್ಲೇ ಇಂಥ ಪರೀಕ್ಷೆಗಳನ್ನು ಮಾಡಬಹುದು. ಬೇರೆ ಬೇರೆ ಪ್ರತಿಗಳ ತುಂಡುಗಳು ಬೆರೆತು ಹೋಗಿದ್ದರೆ ಸುಳ್ಳು ಒತ್ತಡ ಕಾಣುತ್ತದೆ; ಅದನ್ನು ಮೊದಲು ತಪಾಸಿಸುವ ಗಾರ್ಡ್ ಎಂಬ ಪರೀಕ್ಷೆಯೂ ಅಲ್ಲೇ ಇದೆ.

ಒಂದೇ ತಳಿಯ 15 ಪ್ರಾಣಿಗಳ ನಡುವೆ ಒಮೆಗಾ ಲೆಕ್ಕ ಹಾಕಬೇಡಿ. ಅಲ್ಲಿ ಕಾಣುವ ವ್ಯತ್ಯಾಸಗಳು ಇನ್ನೂ ನೆಲೆನಿಂತವಲ್ಲ, ನಿಸರ್ಗ ಜರಡಿ ಹಿಡಿದು ಮುಗಿಸಿಲ್ಲ. ಈ ಅನುಪಾತದ ಅರ್ಥ ಪ್ರಭೇದಗಳ ನಡುವೆ ಮಾತ್ರ ಗಟ್ಟಿ. ತಳಿಯೊಳಗೆ ಹ್ಯಾಪ್ಲೊಟೈಪ್ ವೈವಿಧ್ಯ, ಟಜೀಮಾನ ಡಿ ಮುಂತಾದ ಅಳತೆಗಳಿವೆ.

9. ಬರೆಯುವಾಗ, ಠೇವಣಿ ಇಡುವಾಗ

"ಈ ಜಾಗದಲ್ಲಿ ಅಮೈನೋ ಆಮ್ಲ ಬದಲಾಗಿದೆ, ಆದ್ದರಿಂದ ಈ ತಳಿಗೆ ಕೆಚ್ಚಲು ಬಾವು ಬರುವುದಿಲ್ಲ" ಎಂಬ ವಾಕ್ಯ ನಿಮ್ಮ ಪ್ರಬಂಧದಲ್ಲಿ ಎಲ್ಲೂ ಇರಬಾರದು. ಹಾಗೆ ಹೇಳಬೇಕಾದರೆ ಒಂದೇ ಬಗೆಯ ಕೊಟ್ಟಿಗೆ, ಒಂದೇ ಬಗೆಯ ಮೇವಿನಲ್ಲಿರುವ ನೂರಾರು ಪ್ರಾಣಿಗಳ ಹಾಲಿನ ಕೋಶಸಂಖ್ಯೆಯನ್ನು ತಿಂಗಳುಗಟ್ಟಲೆ ಅಳೆಯಬೇಕು. ಹಸುವಿನಲ್ಲಿ ಅದು ಮಿಲಿಲೀಟರಿಗೆ ಎರಡು ಲಕ್ಷ ದಾಟಿದರೆ ಒಳಗೊಳಗೇ ಬಾವು ಇದೆಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಗಿಡ್ಡ ದಿನಕ್ಕೆ ಕೊಡುವ ಹಾಲೇ ಸ್ವಲ್ಪ, ಕಾಡಂಚಿನಲ್ಲಿ ಮೇಯುತ್ತದೆ. ಅದರ ಕೆಚ್ಚಲಿನ ಆರೋಗ್ಯಕ್ಕೆ ಇವೂ ಕಾರಣವಾಗಿರಬಹುದು. ಈ ತಪ್ಪು ತೀರ್ಮಾನವನ್ನು ನಂಬಿ ರೈತರೊಬ್ಬರು ಹೋರಿ ಆರಿಸಿದರೆ ನಷ್ಟವಾಗುವುದು ಅವರಿಗೆ. ನೀವು ಖಚಿತವಾಗಿ ಹೇಳಬಹುದಾದದ್ದು: ಈ ತಳಿಯಲ್ಲಿ ಈ ರೂಪಗಳಿವೆ, ಇಷ್ಟು ಪ್ರಮಾಣದಲ್ಲಿವೆ, ಬದಲಾದ ಜಾಗ ಪ್ರೋಟೀನಿನ ಈ ಭಾಗದಲ್ಲಿದೆ, ಪ್ರಭೇದಗಳ ನಡುವೆ ಆ ಜಾಗದ ಮೇಲೆ ಇಂಥ ಒತ್ತಡವಿತ್ತು. ಮುಂದೆ ಕೋಶಸಂಖ್ಯೆ ಅಳೆಯುವವರಿಗೆ ಎಲ್ಲಿ ನೋಡಬೇಕೆಂದು ತಿಳಿಯಲು ಅಷ್ಟು ಸಾಕು.

ಅನುಕ್ರಮಗಳನ್ನು ಜೀನ್‌ಬ್ಯಾಂಕಿಗೆ ಅಥವಾ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕೆ ಸಲ್ಲಿಸಿ. ತಳಿ, ಜಿಲ್ಲೆ, ಅಂಗಾಂಶ ಯಾವುದು ಎಂಬುದನ್ನು ತುಂಬಿ. ಮಾಲೀಕರ ಹೆಸರು, ಮನೆಯ ಗುರುತು ಬೇಡ. ವೈ, ಆರ್ ಸಂಕೇತಗಳನ್ನು ಒಂದೇ ಅಕ್ಷರವಾಗಿ "ತಿದ್ದಿ" ಕಳಿಸಬೇಡಿ. ಪ್ರಬಂಧ ಪ್ರಕಟವಾಗುವವರೆಗೆ ದತ್ತಾಂಶವನ್ನು ಬಹಿರಂಗ ಮಾಡದಂತೆ ದಿನಾಂಕ ನಮೂದಿಸಲು ಸಲ್ಲಿಕೆಯ ನಮೂನೆಯಲ್ಲಿ ಅವಕಾಶವಿದೆ. ಎಬಿ1 ಕಡತಗಳನ್ನು ಪ್ರಾಣಿಯ ಸಂಖ್ಯೆ, ತುಣುಕಿನ ಸಂಖ್ಯೆ, ದಿಕ್ಕು ಮೂರೂ ಹೆಸರಿನಲ್ಲೇ ಕಾಣುವಂತೆ ಇಟ್ಟು, ಎರಡು ಬೇರೆ ಕಡೆ ಪ್ರತಿ ಉಳಿಸಿ. ವಿಮರ್ಶಕರು ಮೊದಲು ಕೇಳುವುದು ಅವನ್ನೇ.